ಅವರ ಚೀಲದಾಗ ಏನದ, ನಿಮಗ ಗೊತ್ತದ ಏನ್ರಿ?

ಆಸ್ಟ್ರೇಲಿಯಾದಿಂದ ವಾಪಸ್ ಬಂದು ತಿಂಗಳಾತು. ಓಣ್ಯಾಗ ಯಾರ ಸಿಕ್ಕರೂ ಮೊದಲು ಕೇಳೋದು ಒಂದ: "ಕಾಂಗರೂ ನೋಡಿದ್ರೇನ್ರಿ?" ನೋಡಿದ್ವಿ. ಆಮ್ಯಾಲೆ ದನಿ ಸಣ್ಣ ಮಾಡಿ ಇನ್ನೊಂದು ಕೇಳ್ತಾರ: "ಈ ವಯಸ್ಸಿನ್ಯಾಗ ಬೆನ್ನಿಗೆ ಚೀಲ ಹಾಕ್ಕೊಂಡು ಅಡ್ಯಾಡೋದು ಬೇಕಿತ್ತಾ?" ಬೇಕಿತ್ತು ಅಂತನ ನಾ ಹೇಳ್ತೀನಿ. ಯಾಕಂತ ಹೇಳಲಿಕ್ಕೇ ಇವತ್ತು ಬರಿಯಾಕತ್ತೀನಿ.

ಅಡಿಲೇಡ್‌ನ್ಯಾಗ ಮಗಳ ಮನಿ ಅದ. ಇವರು ರಿಟೈರ್ ಆದ ಮ್ಯಾಲೆ ಅಲ್ಲಿಗೆ ಹೋದ್ವಿ. ಅಲ್ಲಿಂದ ನಾವಿಬ್ಬರ ಉತ್ತರಕ್ಕ ಹೊಂಟ್ವಿ, ಏಳು ವಾರ. ಜೂನ್-ಜುಲೈ ಅಲ್ಲಿ ಥಂಡಿ ಕಾಲ, ಮರಳುಗಾಡಿಗೆ ಅದ ಛಲೋ. ನನ್ನ ಚೀಲ ಒಂಬತ್ತು ಕಿಲೋ, ಇವರದು ಹದಿಮೂರು. ನನ್ನದರಾಗ ಸ್ಟೋವ್, ಅಕ್ಕಿ, ಬ್ಯಾಳಿ, ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಗುಳಿಗಿ. ಇವರದರಾಗ ಡೇರೆ, ನಕಾಶೆ, ರೊಕ್ಕ, ಟಿಕೀಟು. ನಾನು ಅವರ ಚೀಲ ತಗದು ನೋಡಲಿಲ್ಲ, ಅವರು ನನ್ನದು ನೋಡಲಿಲ್ಲ. ಮನ್ಯಾಗೂ ನಾವು ಹಂಗ ಇದ್ದವರು.

ಆ ರಸ್ತೆದ ಹೆಸರು ಸ್ಟುವರ್ಟ್ ಹೈವೇ. ದಕ್ಷಿಣದ ಪೋರ್ಟ್ ಅಗಸ್ಟಾದಿಂದ ಉತ್ತರದ ಡಾರ್ವಿನ್ ತನಕ ಸುಮಾರು 2,700 ಕಿಲೋಮೀಟರ್. ತಾಸುಗಟ್ಟಲೆ ಬಸ್ ಓಡ್ತದ, ಹೊರಗ ಕೆಂಪು ಮಣ್ಣು, ಗಿಡ್ಡ ಕಂಟಿ, ಮತ್ತ ಕೆಂಪು ಮಣ್ಣು. ನಾವು ಮೊದಲು ನೋಡಿದ ಕಾಂಗರೂ ಸತ್ತದ್ದು. ರಾತ್ರಿ ಯಾವುದೋ ಗಾಡಿಗೆ ಬಡಿಸಿಕೊಂಡು ರಸ್ತೆ ಬಾಜೂಕ ಬಿದ್ದಿತ್ತು. ಅದರ ಮ್ಯಾಲೆ ದೊಡ್ಡ ಹದ್ದು ಕೂತಿತ್ತು. ರೆಕ್ಕಿ ಬಿಚ್ಚಿದ್ರ ಎರಡು ಮೀಟರ್ ಮ್ಯಾಲೆ ಇರ್ತದಂತ. ಸಂಜಿಮುಂದ, ಮುಂಜಾನಿ ನಸುಕಿನ್ಯಾಗ ಕಾಂಗರೂ ರಸ್ತೆಕ್ಕ ಬರ್ತಾವ, ಅದಕ್ಕ ಕತ್ತಲ್ಯಾಗ ಕಾರು ಹೊಡಿಬ್ಯಾಡ್ರಿ ಅಂತ ಎಲ್ಲಾರೂ ಹೇಳ್ತಾರ.

ಕೂಬರ್ ಪೀಡಿ ಅನ್ನೋ ಊರಾಗ ಜನ ನೆಲದ ಕೆಳಗ ಮನಿ ಮಾಡ್ಯಾರ. 1915ರಾಗ ಅಲ್ಲೆ ಓಪಲ್ ಹರಳು ಸಿಕ್ಕಿತಂತ, ಅಗದಗದು ಊರಾತು. ನಾವೂ ಒಂದು ರಾತ್ರಿ ಹಂತಾ ಕಿಟಕಿ ಇಲ್ಲದ ಖೋಲ್ಯಾಗ ಮಲಗಿದ್ವಿ. ಹೊರಗಿನ ಬಿಸಲೂ ಬರೂದಿಲ್ಲ, ಥಂಡಿನೂ ಬರೂದಿಲ್ಲ. ಉಲುರು ಬಂಡಿ 348 ಮೀಟರ್ ಎತ್ತರ. ಅನಂಗು ಜನಕ್ಕ ಅದು ಪವಿತ್ರ. ಹತ್ತಬ್ಯಾಡ್ರಿ ಅಂತ ಅವರು ಎಷ್ಟೋ ವರ್ಷದಿಂದ ಕೇಳಿಕೋತಿದ್ರು, 2019ರ ಅಕ್ಟೋಬರ್ 26ಕ್ಕ ಹತ್ತೋದು ಕಾಯಂ ಬಂದಾತು. ನಾವು ಸುತ್ತಲೂ ನಡದ್ವಿ, ಹತ್ತು ಕಿಲೋಮೀಟರ್ ದಾರಿ. ಪ್ರದಕ್ಷಿಣಿ ಹಾಕಿದಂಗ ಆತು.

ಭಾಳ ಮನಸ್ಸಿಗೆ ಹಿಡಿಸಿದ್ದು ಎಮು ಪಕ್ಷಿ. ಎದಿ ಮಟ್ಟ ಎತ್ತರ, ಹಿಂದ ಐದು ಪಟ್ಟಿಪಟ್ಟಿ ಮರಿ. "ತಾಯಿ ನೋಡ್ರಿ ಎಷ್ಟು ಛಂದ ಕಾಯ್ತದ" ಅಂದೆ. ಅಲ್ಲೆ ಇದ್ದ ಗೈಡ್ ಹುಡುಗಿ ನಕ್ಕು, ಅದು ತಾಯಿ ಅಲ್ಲ, ಅಪ್ಪ ಅಂದ್ಲು. ಹೆಣ್ಣು ತತ್ತಿ ಇಟ್ಟು ಹೋಗ್ತದ. ಗಂಡು ಎಂಟು ವಾರ ಕಾವು ಕೊಡ್ತದ, ಊಟ ಅಂತ ಹೆಚ್ಚು ಕಡಿಮಿ ಏನೂ ಇಲ್ಲ, ಆಮ್ಯಾಲೆ ಮರಿನೂ ಅದ ಬೆಳಸ್ತದ. ನಾನು ಇವರ ಮಾರಿ ನೋಡಿದೆ. ಇವರು ಸುಮ್ಮನ ಕ್ಯಾಮೆರಾ ಒರಸ್ಲಿಕ್ಕತ್ತಿದ್ರು.

ಈಗ ಹೇಳಬೇಕಾದ ಮಾತಿಗೆ ಬರ್ತೀನಿ. ಆಲಿಸ್ ಸ್ಪ್ರಿಂಗ್ಸ್ ಊರಿಂದ ಲಾರಪಿಂಟಾ ಅನ್ನೋ ಕಾಲುದಾರಿ ಶುರು ಆಗ್ತದ. ಪೂರಾ ನಡದ್ರ 220 ಕಿಲೋಮೀಟರ್ ಮ್ಯಾಲೆ. ನಾವು ಐದು ದಿನದಷ್ಟ ನಡಿಯೋಣ ಅಂತ ಹೋದ್ವಿ. ಸಿಂಪ್ಸನ್ಸ್ ಗ್ಯಾಪ್ ದಾಟಿದ ದಿವಸ ಇವರ ಕಾಲು ಕಲ್ಲಿನ ಮ್ಯಾಲೆ ಜಾರಿ ಹರಡ ಉಳುಕಿತು. ನೋಡನೋಡೂದ್ರಾಗ ಬಾವು ಬಂತು, ಊರಲಿಕ್ಕೆ ಬರವಲ್ಲದು. ಇದ್ದ ನೀರು ಒಂದ ಲೀಟರ್. ಬಿಸಲಾಗ ನಡಿಯೋವಾಗ ತಾಸಿಗೆ ಒಂದು ಲೀಟರ್ ಬೇಕು ಅಂತಾರ ಅಲ್ಲೆ. ನೀರಿನ ಟಾಕಿ ಇರೋ ಕ್ಯಾಂಪು ಮುಂದ ಮೂರು ಕಿಲೋಮೀಟರ್. ಫೋನಿಗೆ ಸಿಗ್ನಲ್ ಇಲ್ಲ.

ಹೋಗಬೇಕಾದಾಕಿ ನಾನ. ಆದ್ರ ನನಗ ನಕಾಶೆ ನೋಡಲಿಕ್ಕೆ ಬರೂದಿಲ್ಲ. ಇವರ ಚೀಲದ ತಳದಾಗ ಒಂದು ಹಳದಿ ಡಬ್ಬಿ ಇತ್ತು. ಗುಂಡಿ ಒತ್ತಿದ್ರ ಉಪಗ್ರಹದ ಮೂಲಕ ಸುದ್ದಿ ಹೋಗಿ ಹುಡುಕಲಿಕ್ಕೆ ಜನ ಬರ್ತಾರಂತ. ಅಂಗಡ್ಯಾಗ "ಇದೇನ್ರಿ" ಅಂತ ಕೇಳಿದ್ದೆ. "ನಿನಗ್ಯಾಕ, ನಾ ಇದ್ದೀನಲ್ಲ" ಅಂದಿದ್ರು. ನಾನೂ ಮುಂದ ಕೇಳಿರಲಿಲ್ಲ. ಈಗ ನೆಲದ ಮ್ಯಾಲೆ ಕೂತು, ಬೆವರು ಒರಸ್ಕೋತ, ಎಲ್ಲಾ ಹೇಳಿಕೊಟ್ರು. ಏಳು ವಾರದಾಗ ಹೇಳದ್ದು ಐದು ನಿಮಿಷದಾಗ ಹೇಳಿದ್ರು.

ಅರ್ಧ ಬಾಟಲಿ ನೀರು ಅವರಿಗೆ ಬಿಟ್ಟು, ನನ್ನ ಚೀಲಾನೂ ಅಲ್ಲೇ ಇಟ್ಟು ಹೊಂಟೆ. ಮೂವತ್ತೊಂದು ವರ್ಷ ಇವರ ಹಿಂದ ನಡದಾಕಿ, ಮುಂದ ಯಾರೂ ಇಲ್ಲದ ದಾರಿ ಅವತ್ತ ನೋಡಿದ್ದು. ದಾರಿ ಗುರುತಿನ ಬಾಣ ಒಂದು ಕಾಣಲಿಲ್ಲಂದ್ರ ಎದಿ ಧಸಕ್ ಅಂತಿತ್ತು. ಒಂದು ತಿರುವಿನ್ಯಾಗ ಗುಡ್ಡದ ಕಾಂಗರೂ ಮೂರು ಮಾರು ದೂರದಾಗ ಎದ್ದು ನಿಂತ್ಕೊಂತು. ನಾನೂ ನಿಂತೆ. ಎರಡೂ ಕಿವಿ ನನ್ನ ಕಡೆ ತಿರುಗಿಸಿ ನೋಡಿ, ಎರಡು ಜಿಗಿತಕ್ಕ ಮಾಯ ಆತು. ಆಮ್ಯಾಲೆ ಸಣ್ಣ ಸಣ್ಣ ಫಿಂಚ್ ಹಕ್ಕಿ ಚಿಲಿಪಿಲಿ ಕೇಳಿಸಿತು. ಆ ಹಕ್ಕಿ ಇದ್ದಲ್ಲೆ ನೀರು ದೂರ ಇರೂದಿಲ್ಲ ಅಂತ ಗೈಡ್ ಹುಡುಗಿ ಹೇಳಿದ್ದು ನೆನಪಾತು. ಟಾಕಿ ಕಂಡ ಕೂಡಲೇ ಅತ್ತುಬಿಟ್ಟೆ.

ಅಲ್ಲೆ ವಿಶ್ರಾಂತಿ ತಗೊಳ್ಳಿಕ್ಕತ್ತಿದ್ದ ಇಬ್ಬರು ಹುಡುಗರು ನನ್ನ ಜೋಡಿ ಬಂದ್ರು. ವಾಪಸ್ ಹೋಗೂದ್ರಾಗ ಎರಡೂವರಿ ತಾಸಾಗಿತ್ತು. ಇವರು ಬಾಯಿ ಒಣಗಿಸಿಕೊಂಡು, ಹಸದು ಕೂತಿದ್ರು. ಬಾಜೂಕ ನನ್ನ ಚೀಲ, ಅದರ ಹೊರಗಿನ ಕಿಸೆದಾಗ ಅವಲಕ್ಕಿ. "ಎಲ್ಲದ ಅಂತ ಗೊತ್ತಿರಲಿಲ್ಲ" ಅಂದ್ರು. ನೋವಿನ ಗುಳಿಗಿನೂ ಅದರಾಗ ಇತ್ತು. ಸ್ಟೋವ್ ಹಚ್ಚಲಿಕ್ಕಂತೂ ಮೊದಲ ಬರತಿರಲಿಲ್ಲ. ನನಗ ಸಿಟ್ಟೂ ಬಂತು, ನಗೂನೂ ಬಂತು.

ಆ ರಾತ್ರಿ ಕ್ಯಾಂಪಿನ್ಯಾಗ ಎರಡೂ ಚೀಲ ಸುರುವಿ, ಒಂದೊಂದ ಸಾಮಾನು ಎತ್ತಿ ಒಬ್ಬರಿಗೊಬ್ಬರು ತೋರಿಸಿದ್ವಿ. ಎರಡು ದಿವಸ ಅಲ್ಲೇ ಇದ್ದು, ಕಾಲಿನ ಬಾವು ಇಳಿದ ಮ್ಯಾಲೆ ಸಾವಕಾಶ ಗಾಡಿ ಬರೋ ಜಾಗಕ್ಕ ನಡದು ಬಂದ್ವಿ. ದಾರಿ ನಾ ನೋಡಿದೆ, ಚಹಾ ಅವರು ಮಾಡಿದ್ರು.

ನಾ ಹೇಳೋದು ಇಷ್ಟ. ಕೆಲಸ ಹಂಚಿಕೊಳ್ಳೋದು ತಪ್ಪಲ್ಲ. ಆದ್ರ ಅವರ ಕೆಲಸದ ಸುದ್ದಿ ನನಗ್ಯಾಕ, ನನ್ನ ಕೆಲಸದ ಸುದ್ದಿ ಅವರಿಗ್ಯಾಕ ಅಂತ ಇರೋದು ತಪ್ಪು. ನಮ್ಮ ಓಣ್ಯಾಗೇ ಗಂಡ ದವಾಖಾನ್ಯಾಗ ಮಲಗಿದಾಗ ಪಾಸ್‌ಬುಕ್ ಎಲ್ಲದ ಅಂತ ಕಪಾಟು ತಡಕಾಡಿದವರಿದ್ದಾರ. ಹೆಂಡತಿ ಹೋದ ಮ್ಯಾಲೆ ಚಹಾಪುಡಿ ಡಬ್ಬಿ ಸಿಗದ ಅಡಗಿಮನ್ಯಾಗ ನಿಂತು ಅತ್ತ ಕಾಕಾನೂ ಇದ್ದಾರ.

"ಕಾಗದಪತ್ರದ ಸುದ್ದಿ ಹೆಣ್ಣುಮಕ್ಕಳು ಕೇಳಿದ್ರ ಅಪಶಕುನ, ನಂಬಿಕಿ ಇಲ್ಲ ಅಂದಂಗ" ಅಂತ ನಮ್ಮ ಅತ್ತಿಯವರು ಅಂತಿದ್ರು. ಅವರ ಮ್ಯಾಲೆ ನನಗ ಗೌರವ ಅದ, ಆದ್ರ ಈ ಮಾತು ನಾ ಒಪ್ಪೂದಿಲ್ಲ. ಅವತ್ತು ನನಗ ಇವರ ಮ್ಯಾಲೆ ನಂಬಿಕಿ ಕಡಿಮಿ ಇರಲಿಲ್ಲ. ನಂಬಿಕಿಗೆ ನೀರಿನ ಟಾಕಿ ದಾರಿ ಗೊತ್ತಿರಲಿಲ್ಲ, ಅಷ್ಟ. ಮತ್ತ ತಪ್ಪು ಬರೇ ಇವರದಲ್ಲ. "ನಿನಗ್ಯಾಕ" ಅಂದಾಗ ಹೌದು ನನಗ್ಯಾಕ ಅಂತ ಸುಮ್ಮನಾದಾಕಿ ನಾನ. ಅಡಗಿಮನ್ಯಾಗ ಕಾಲಿಟ್ರ "ನೀವು ಹೊರಗ ಕೂಡ್ರಿ" ಅಂತ ಕಳಿಸಿದಾಕಿನೂ ನಾನ.

ಅದಕ್ಕ ವೈನಿ, ಅಕ್ಕ, ಮಾವಶಿ, ಎಲ್ಲಾರಿಗೂ ಹೇಳ್ತೀನಿ. ಆಸ್ಟ್ರೇಲಿಯಾಕ್ಕ ಹೋಗೋದು ಬ್ಯಾಡ. ಈ ರವಿವಾರ ಊಟ ಆದ ಮ್ಯಾಲೆ ಇಬ್ಬರೂ ಕೂತು ಒಂದು ವಹಿಯೊಳಗ ಬರೀರಿ: ಬ್ಯಾಂಕು, ವಿಮಾ, ಮನಿ ಕಾಗದ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು. ಇನ್ನೊಂದು ಪುಟದಾಗ ನಿಮ್ಮದು: ಯಾವ ಗುಳಿಗಿ ಯಾವಾಗ, ಗ್ಯಾಸ್ ಹೆಂಗ ಬುಕ್ ಮಾಡೋದು, ಅನ್ನಕ್ಕ ನೀರೆಷ್ಟು. ನಮ್ಮ ಮನ್ಯಾಗ ಈಗ ಬ್ಯಾಂಕಿಗೆ ನಾ ಹೋಗ್ತೀನಿ. ನಿನ್ನೆ ಇವರು ಉಪ್ಪಿಟ್ಟು ಮಾಡಿದ್ರು. ಗಂಟುಗಂಟು ಆಗಿತ್ತು, ಉಪ್ಪೂ ಜಾಸ್ತಿ. ಇಬ್ಬರೂ ಉಳಿಸದ ತಿಂದ್ವಿ.