ಪ್ರೋಗ್ರಾಮಿನ ಹೊಟ್ಟೆಯಲ್ಲಿ ಏನಿದೆ ಎಂದು ಬರೆದುಕೊಡಿ

ಚಿಕ್ಕೋಡಿ ತಾಲ್ಲೂಕಿನ ಒಂದು ಪತ್ತಿನ ಸಂಘದ ಸರ್ವರ್ ಮುಂದೆ ಕೂತಿದ್ದೆ. ಲಿನಕ್ಸ್ ಯಂತ್ರ, ಅಪ್‌ಡೇಟ್‌ಗಳೆಲ್ಲ ಆಗಿದ್ದವು. ಲೆಕ್ಕದ ಪ್ರೋಗ್ರಾಂ ಹೊರಗಿನ ಯಾವ ಲೈಬ್ರರಿಗಳನ್ನು ಬಳಸುತ್ತದೆ ಎಂದು ನೋಡಲು ಅದರ ಮೇಲೆ 'ಎಲ್‌ಡಿಡಿ' ಓಡಿಸಿದರೆ ಬಂದ ಉತ್ತರ: 'ನಾಟ್ ಎ ಡೈನಮಿಕ್ ಎಕ್ಸಿಕ್ಯುಟಬಲ್'. ಬೇಕಾದ ಲೈಬ್ರರಿಗಳನ್ನೆಲ್ಲ ಅದು ತನ್ನೊಳಗೇ ತುಂಬಿಕೊಂಡಿತ್ತು. ಫೈಲಿನೊಳಗಿನ ಅಕ್ಷರಸಾಲುಗಳನ್ನು ತೋರಿಸುವ 'ಸ್ಟ್ರಿಂಗ್ಸ್' ಹಾಕಿ ಹುಡುಕಿದಾಗ ಓಪನ್‌ಎಸ್‌ಎಸ್‌ಎಲ್ 1.0.2 ಎಂಬ ಸಾಲು ಕಂಡಿತು; ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಲೈಬ್ರರಿ ಅದು. ಆ ಆವೃತ್ತಿಯ ಸಾರ್ವಜನಿಕ ಬೆಂಬಲ 2019ರ ಡಿಸೆಂಬರ್ 31ಕ್ಕೇ ಮುಗಿದಿದೆ. ರೈತರ ಸಾಲದ ಖಾತೆಗಳಿಗೆ ಅದೇ ಬೀಗ! ಪ್ರೋಗ್ರಾಂ ಮಾರಿದವರನ್ನು ಕೇಳಿದರೆ, "ಸರ್ವರ್ ಅಪ್‌ಡೇಟ್ ಆಗೇತಲ್ರೀ ಸರ್, ಮತ್ತೇನ್ ಬೇಕ್ರಿ?" ಎಂದರು.

ಅಪ್‌ಡೇಟ್ ಆದದ್ದು ಯಂತ್ರದ ಲೈಬ್ರರಿ. ಪ್ರೋಗ್ರಾಂ ಅದನ್ನು ಮುಟ್ಟುವುದೇ ಇಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಹಂಚಿಕೊಂಡ ಲೈಬ್ರರಿ ಬಳಸುತ್ತಿದ್ದವರು ಒಂದು ಪ್ಯಾಕೇಜ್ ಬದಲಿಸಿ, ಸೇವೆಗಳನ್ನು ಮತ್ತೆ ಚಾಲೂ ಮಾಡಿದರೆ ತೂತು ಮುಚ್ಚುತ್ತಿತ್ತು. ದೋಷವಿದ್ದ ಪ್ರತಿಯನ್ನು ಒಳಗೇ ತುಂಬಿಕೊಂಡ ಪ್ರೋಗ್ರಾಮುಗಳನ್ನು ಮಾತ್ರ ಒಂದೊಂದಾಗಿ ಮತ್ತೆ ಕಟ್ಟಬೇಕಾಗಿತ್ತು.

ಹೀಗೆ ಲೈಬ್ರರಿಗಳನ್ನು ಒಳಗೇ ತುಂಬಿಕೊಳ್ಳುವ ಸ್ಟ್ಯಾಟಿಕ್ ಪದ್ಧತಿಯ ಪರ ಇರುವವರ ಮಾತಿನಲ್ಲೂ ಹುರುಳಿದೆ. ಒಂದೇ ಫೈಲು, ಯಾವ ಯಂತ್ರಕ್ಕೆ ಒಯ್ದರೂ 'ಲೈಬ್ರರಿ ಸಿಗಲಿಲ್ಲ' ಎಂಬ ತಕರಾರಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ಊರಿನಲ್ಲಿ ನನಗೂ ಅದರಿಂದ ಅನುಕೂಲವಾಗಿದೆ. ಹಂಚಿಕೆಯ ಲೈಬ್ರರಿಯೂ ಗಂಗಾಜಲವಲ್ಲ: 2024ರ ಮಾರ್ಚ್‌ನಲ್ಲಿ ಲಿಬ್‌ಎಲ್‌ಝಡ್‌ಎಂಎ ಲೈಬ್ರರಿಯ 5.6.0, 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಹೊರಬಿತ್ತು. ಆದರೆ ಯಾವ ಸರ್ವರ್‌ನಲ್ಲಿ ಆ ಆವೃತ್ತಿಯಿದೆ ಎಂದು ಅವತ್ತೇ ನೋಡಿಕೊಳ್ಳಬಹುದಾಗಿತ್ತು. ನನ್ನ ಜಗಳ ಸ್ಟ್ಯಾಟಿಕ್ ಜೊತೆಗಲ್ಲ, ಒಳಗೇನಿದೆ ಎಂದು ಹೇಳದವರ ಜೊತೆಗೆ.

ಪ್ರೋಗ್ರಾಂ ಯಾವ ಬಗೆಯದೆಂದು ನೋಡುವುದಕ್ಕೆ ಒಂದು ನಿಮಿಷ ಸಾಕು. 'ಫೈಲ್' ಎಂಬ ಆದೇಶ ಸ್ಟ್ಯಾಟಿಕ್ಕೋ ಡೈನಮಿಕ್ಕೋ ಎಂದು ಹೇಳಿಬಿಡುತ್ತದೆ. (ನಂಬಿಕೆಯಿಲ್ಲದ ಪ್ರೋಗ್ರಾಂ ಮೇಲೆ ಎಲ್‌ಡಿಡಿ ಓಡಿಸಬೇಡಿ, ಕೆಲವೊಮ್ಮೆ ಅದು ಪ್ರೋಗ್ರಾಮನ್ನೇ ಚಾಲೂ ಮಾಡಿಬಿಡುತ್ತದೆ.) ಒಳಗಿನ ಆವೃತ್ತಿ ತಿಳಿಯುವುದು ಮಾತ್ರ ಕಷ್ಟ. ಮಾರಿದವರು ಆವೃತ್ತಿಯ ಸಾಲುಗಳನ್ನೇ ಅಳಿಸಿದ್ದರೆ ಸ್ಟ್ರಿಂಗ್ಸ್‌ಗೂ ಸಿಗುವುದಿಲ್ಲ. ಆಗ ಅವರೇ ಬರೆದುಕೊಡಬೇಕು.

2022ರಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಒಪ್ಪಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಇಂಥ ಸಾಫ್ಟ್‌ವೇರ್ ಘಟಕಗಳ ಪಟ್ಟಿಗೇ ಮಾರ್ಗಸೂಚಿ ಕೊಟ್ಟಿತು. ಹಾಗಾಗಿ ನಿಪ್ಪಾಣಿಯ ನಗರಸಭೆ ಇರಲಿ, ರಾಯಬಾಗ, ಅಥಣಿ, ಕಾಗವಾಡದ ಸಂಘಗಳಿರಲಿ, ಕಬ್ಬು ತೂಗುವ ಕಾಟಾದ ಪ್ರೋಗ್ರಾಂ ಇರಲಿ, ಟೆಂಡರಿನಲ್ಲಿ ಎರಡು ಸಾಲು ಸೇರಿಸಿ: ಲೈಬ್ರರಿಗಳ ಹೆಸರು, ಆವೃತ್ತಿ ಬರೆದುಕೊಡಬೇಕು; ದೋಷ ಬಯಲಾದರೆ ಇಂತಿಷ್ಟು ದಿನದೊಳಗೆ ಹೊಸದಾಗಿ ಕಟ್ಟಿಕೊಡಬೇಕು. ಸಹಿ ಹಾಕದವರ ಬಿಲ್ಲು ತಡೆಹಿಡಿಯಿರಿ.