ಅಜ್ಜನ ಕಾರ್ಡು, ಗಡಿಯಾಚೆಯ ಹಳ್ಳಿ

ಕಳೆದ ತಿಂಗಳು ಪದವಿಪೂರ್ವ ಕಾಲೇಜೊಂದರ ಚರ್ಚಾ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ‘ಸರ್ಕಾರ ಚಿಕಿತ್ಸೆಗೆ ಹೆಚ್ಚು ಹಣ ಖರ್ಚು ಮಾಡಿದರೆ ಜನರ ಆಯುಷ್ಯ ಹೆಚ್ಚುತ್ತದೆ’ ಎಂಬುದು ವಿಷಯ. ಪರವಾಗಿ ಮಾತನಾಡಿದವರಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಹುಡುಗನೊಬ್ಬನಿದ್ದ. ಅವನ ಬಳಿ ಅಂಕಿ ಅಂಶಗಳಿರಲಿಲ್ಲ. ‘ನಾನು ಎರಡನೇ ಕ್ಲಾಸಿನ್ಯಾಗಿದ್ದಾಗ ನಮ್ಮ ಅಜ್ಜಗ ಎದಿ ಬ್ಯಾನಿ ಬಂದಿತ್ರೀ. ರೇಷನ್ ಕಾರ್ಡ್ ತೋರಿಸಿದ್ದಕ್ಕ ಪುಕ್ಕಟ ಆಪರೇಷನ್ ಆತು. ಇವತ್ತಿಗೂ ಹೊಲಕ್ಕ ಹೋಗತಾನ’ ಎಂದಷ್ಟೇ ಹೇಳಿ ಕುಳಿತ.

ವಿರೋಧವಾಗಿ ಮಾತನಾಡಲು ಎದ್ದ ಹುಡುಗಿ ಚುರುಕಿನವಳು. ‘ನಿಮ್ಮ ಅಜ್ಜ ಉಳಿದದ್ದು ಸಂತೋಷ. ಆದರೆ ಒಬ್ಬ ಅಜ್ಜನಿಂದ ಏನು ಸಾಬೀತಾಗುತ್ತದೆ? ಆಪರೇಷನ್ ಆಗದಿದ್ದರೂ ಅವರು ಉಳಿಯುತ್ತಿದ್ದರೋ ಏನೋ! ಅಮೆರಿಕದವರು ಚಿಕಿತ್ಸೆಗೆ ಜಪಾನಿನವರಿಗಿಂತ ಎಷ್ಟೋ ಪಾಲು ಹೆಚ್ಚು ಖರ್ಚು ಮಾಡುತ್ತಾರೆ. ಹೆಚ್ಚು ಕಾಲ ಬದುಕುವವರು ಮಾತ್ರ ಜಪಾನಿನವರು’ ಎಂದಳು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹುಡುಗನ ಮುಖ ಸಣ್ಣದಾಯಿತು. ನಾವು ಮೂವರು ತೀರ್ಪುಗಾರರೂ ಒಮ್ಮತದಿಂದ ಹುಡುಗಿಗೇ ಮೊದಲ ಬಹುಮಾನ ಕೊಟ್ಟೆವು.

ಬಸ್ಸಿನಲ್ಲಿ ಮರಳುವಾಗ ಮಾತ್ರ ಮನಸ್ಸಿಗೆ ಸಮಾಧಾನವಿರಲಿಲ್ಲ. ಹುಡುಗಿಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಕೆ ಕೊಟ್ಟ ಉದಾಹರಣೆಗೂ ಅದೇ ದೋಷವಿದೆಯಲ್ಲ! ಅಮೆರಿಕಕ್ಕೂ ಜಪಾನಿಗೂ ಊಟ ಬೇರೆ, ದೇಹದ ತೂಕ ಬೇರೆ, ಬಂದೂಕುಗಳ ಲೆಕ್ಕವೂ ಬೇರೆ. ಇನ್ನು ಕಾಯಿಲೆ ಹೆಚ್ಚಿದ್ದಲ್ಲಿ ಖರ್ಚೂ ಹೆಚ್ಚುವುದು ಸಹಜ. ಮಳೆ ಬಂದ ದಿನ ಬೀದಿಯಲ್ಲಿ ಕೊಡೆಗಳು ಹೆಚ್ಚು ಕಾಣುತ್ತವೆ. ಹಾಗೆಂದು ಕೊಡೆಯಿಂದಲೇ ಮಳೆ ಬಂತು ಎನ್ನುತ್ತೇವೆಯೇ?

ಹಾಗಾದರೆ ಅಜ್ಜ ಬದುಕಿದ್ದು ಹಣದಿಂದಲೋ ಹಣೆಬರಹದಿಂದಲೋ ಎಂದು ತಿಳಿಯುವುದು ಹೇಗೆ? ಅದೇ ಅಜ್ಜ ಕಾರ್ಡಿಲ್ಲದೆ ಏನಾಗುತ್ತಿದ್ದ ಎಂಬುದನ್ನು ನೋಡಬೇಕು. ಒಬ್ಬನೇ ಅಜ್ಜನಲ್ಲಿ ಅದು ಸಾಧ್ಯವಿಲ್ಲ. ಸಾವಿರಾರು ಅಜ್ಜಂದಿರು ಒಂದು ಕಡೆ, ಎಲ್ಲ ವಿಷಯದಲ್ಲೂ ಅವರಂತೆಯೇ ಇದ್ದು ಕಾರ್ಡು ಮಾತ್ರ ಇಲ್ಲದ ಸಾವಿರಾರು ಅಜ್ಜಂದಿರು ಇನ್ನೊಂದು ಕಡೆ ಸಿಗಬೇಕು. ಅಂಥ ಜೋಡಿಯನ್ನು ಹುಡುಕುವುದೇ ಈ ಸಂಶೋಧಕರ ಅರ್ಧ ಕೆಲಸ. ಕೆಲವೊಮ್ಮೆ ಅದೃಷ್ಟವೇ ಅದನ್ನು ಒದಗಿಸುತ್ತದೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ 2008ರಲ್ಲಿ ಬಡವರ ಆರೋಗ್ಯ ವಿಮೆಗೆ ಸುಮಾರು 10,000 ಜಾಗಗಳಿದ್ದವು. ಹೆಸರು ಕೊಟ್ಟವರು ಸುಮಾರು 90,000 ಮಂದಿ. ಸರ್ಕಾರ ಲಾಟರಿ ಎತ್ತಿತು. ಸಂಶೋಧಕರಿಗೆ ಹಬ್ಬವಾಯಿತು!

ನಮ್ಮ ರಾಜ್ಯದಲ್ಲಿ ಇಂಥ ಜೋಡಿಯನ್ನು ಕೊಟ್ಟದ್ದು ಲಾಟರಿಯಲ್ಲ, ನಕಾಶೆಯ ಮೇಲಿನ ಒಂದು ಗೆರೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಗೆ ಬಂತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ ಮುಂತಾದ ದೊಡ್ಡ ಕಾಯಿಲೆಗಳಿಗೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳು ದೊಡ್ಡ ಆಸ್ಪತ್ರೆಗಳಲ್ಲಿ ಹಣ ಕೊಡಬೇಕಾಗಿರಲಿಲ್ಲ. ದಕ್ಷಿಣದ ಜಿಲ್ಲೆಗಳಿಗೆ ಅದು ತಲುಪಿದ್ದು ಆಮೇಲೆ. ಈಗ ಆ ಗೆರೆಯ ಮೇಲೆ ನಿಂತು ನೋಡಿ. ಆಚೆ ಒಂದು ಹಳ್ಳಿ, ಈಚೆ ಒಂದು ಹಳ್ಳಿ. ಎರಡಕ್ಕೂ ಬೀಳುವ ಮಳೆ ಒಂದೇ, ಹೊಲದ ಬೆಳೆ ಒಂದೇ, ಹೆಣ್ಣು ಕೊಟ್ಟು ತರುವ ಸಂಬಂಧವೂ ಉಂಟು. ವ್ಯತ್ಯಾಸವೆಂದರೆ ಆಚೆಯವನ ಹೃದಯದ ಆಪರೇಷನ್ನಿಗೆ ಸರ್ಕಾರ ಹಣ ಕೊಡುತ್ತದೆ, ಈಚೆಯವ ಎತ್ತು ಮಾರಬೇಕು.

ನೀರಜ್ ಸೂದ್, ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಮೊದಲಾದವರು ಗೆರೆಯ ಒಂದು ಬದಿಯಲ್ಲಿ 300, ಇನ್ನೊಂದು ಬದಿಯಲ್ಲಿ 272 ಹಳ್ಳಿಗಳನ್ನು ಆರಿಸಿ ಸುಮಾರು 60,000 ಮನೆಗಳ ವಿವರ ಕಲೆಹಾಕಿದರು. ಫಲಿತಾಂಶ 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟಂಥ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ ಯೋಜನೆಯಿಲ್ಲದ ಕಡೆಯ ಬಡ ಕುಟುಂಬಗಳಲ್ಲಿ ಶೇ 0.90, ಯೋಜನೆಯಿದ್ದ ಕಡೆ ಶೇ 0.32. ಸುಮಾರು ಮೂರರಲ್ಲಿ ಒಂದು ಪಾಲು! ದೊಡ್ಡ ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹೋಗುವ ಹಣವೂ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು.

‘ಉತ್ತರದ ಹಳ್ಳಿಗಳಲ್ಲಿ ಬೇರೇನೋ ಒಳ್ಳೆಯದಾಗಿರಬಹುದಲ್ಲ?’ ಎಂದು ಆ ಚುರುಕು ಹುಡುಗಿ ಕೇಳಿಯೇ ಕೇಳುತ್ತಾಳೆ. ಸಂಶೋಧಕರಿಗೂ ಆ ಸಂಶಯ ಬಂದಿತ್ತು. ಅವೇ ಹಳ್ಳಿಗಳಲ್ಲಿ ಬಡತನ ರೇಖೆಗಿಂತ ಮೇಲಿದ್ದು ಯೋಜನೆ ಸಿಗದ ಕುಟುಂಬಗಳನ್ನೂ ಅವರು ನೋಡಿದ್ದರು. ಅವರಲ್ಲಿ ಗೆರೆಯ ಆಚೆ ಈಚೆ ಎಣಿಸಬೇಕಾದಷ್ಟು ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ರಸ್ತೆಯೋ ಒಳ್ಳೆಯ ನೀರೋ ಕಾರಣವಾಗಿದ್ದರೆ ಇವರಿಗೂ ಲಾಭವಾಗಬೇಕಿತ್ತು ತಾನೇ?

ಇಲ್ಲಿಗೇ ನಿಲ್ಲಿಸಿದರೆ ಹುಡುಗ ಗೆದ್ದ ಹಾಗೆ. ಆದರೆ ಇದೇ ಕರ್ನಾಟಕದಲ್ಲಿ ಇನ್ನೊಂದು ಅಧ್ಯಯನ ನಡೆದಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಸಿಗುತ್ತಿತ್ತು. ಅನೂಪ್ ಮಲಾನಿ ಮತ್ತು ಸಂಗಡಿಗರು ಕಲಬುರ್ಗಿ, ಮೈಸೂರು ಜಿಲ್ಲೆಗಳ 435 ಹಳ್ಳಿಗಳಲ್ಲಿ, ಬಡತನ ರೇಖೆಗಿಂತ ಮೇಲಿದ್ದ 10,879 ಕುಟುಂಬಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ಆ ವಿಮೆ ಪುಕ್ಕಟೆ, ಕೆಲವರಿಗೆ ಕೊಳ್ಳುವ ಅವಕಾಶ, ಕೆಲವರಿಗೆ ಏನೂ ಇಲ್ಲ. ಪುಕ್ಕಟೆ ಸಿಕ್ಕವರಲ್ಲಿ ಶೇ 79ರಷ್ಟು ಕುಟುಂಬಗಳು ಕಾರ್ಡು ಪಡೆದವು. ಹಣ ಕೊಟ್ಟು ಕೊಳ್ಳಬೇಕಾದವರಲ್ಲೂ ಶೇ 60ರಷ್ಟು ಕೊಂಡವು. ಇದನ್ನು ಓದಿ ನನಗೆ ಆಶ್ಚರ್ಯವಾಯಿತು. ವಿಮೆಯೆಂದರೆ ನಮ್ಮ ಹಳ್ಳಿಯವರು ದೂರ ಓಡುತ್ತಾರೆ ಎಂಬುದು ಪಟ್ಟಣದವರ ಕಲ್ಪನೆ ಮಾತ್ರ ಎಂದಾಯಿತು.

ಆದರೆ ಮೂರೂವರೆ ವರ್ಷದ ನಂತರ ನೋಡಿದರೆ, ಹೆಚ್ಚಿನ ಯಾವ ಅಳತೆಯಲ್ಲೂ ಆರೋಗ್ಯ ಸುಧಾರಿಸಿದ್ದು ಖಚಿತವಾಗಿ ಕಾಣಲಿಲ್ಲ. ಕಾರ್ಡು ಬಳಸಲು ಹೋದ ಬಹಳ ಮಂದಿಗೆ ಅದನ್ನು ಬಳಸಲು ಆಗಿರಲೂ ಇಲ್ಲ.

ಇಲ್ಲಿ ವಿದ್ಯಾರ್ಥಿಗಳು ಅವಸರಪಡಬಾರದು. ‘ಪರಿಣಾಮ ಕಾಣಲಿಲ್ಲ’ ಎಂಬುದೂ ‘ಪರಿಣಾಮ ಇಲ್ಲ’ ಎಂಬುದೂ ಒಂದೇ ಅಲ್ಲ. ಅಕ್ಕಿ ತೂಗುವ ತಕ್ಕಡಿಯಲ್ಲಿ ಚಿನ್ನದ ಮೂಗುತಿಯ ತೂಕ ಕಾಣದು; ಹಾಗೆಂದು ಮೂಗುತಿಗೆ ತೂಕವಿಲ್ಲವೆಂದಲ್ಲ. ಅದೂ ಅಲ್ಲದೆ ಎರಡು ಯೋಜನೆಗಳೂ ಒಂದೇ ಜಾತಿಯವಲ್ಲ. ಒಂದು ಬಡವರಿಗೆ, ಪ್ರಾಣಕ್ಕೇ ಸಂಚಕಾರ ತರುವ ಕಾಯಿಲೆಗಳಿಗೆ. ಇನ್ನೊಂದು ಸಾಮಾನ್ಯವಾಗಿ ಆಸ್ಪತ್ರೆ ಸೇರುವ ಸಣ್ಣ ದೊಡ್ಡ ಕಾಯಿಲೆಗಳಿಗೆ, ಅಧ್ಯಯನದಲ್ಲಿದ್ದವರೋ ಸ್ವಲ್ಪ ಅನುಕೂಲಸ್ಥರು. ನನಗೆ ಮುಖ್ಯವೆನಿಸಿದ ಇನ್ನೊಂದು ಭೇದವಿದೆ. ಆರೋಗ್ಯಶ್ರೀಯಲ್ಲಿ ಆಸ್ಪತ್ರೆಯವರೇ ಹಳ್ಳಿಗಳ ಕಡೆ ಬಂದು ಶಿಬಿರ ಹಾಕಿ ರೋಗಿಗಳನ್ನು ಗುರುತಿಸುತ್ತಿದ್ದರು. ಕೈಹಿಡಿದು ನಡೆಸಲು ‘ಆರೋಗ್ಯಮಿತ್ರ’ ಎಂಬ ನೌಕರರಿದ್ದರು. ಇನ್ನೊಂದರಲ್ಲಿ ಕಾರ್ಡು ಕೈಗೆ ಬಂದ ಮೇಲೆ ದಾರಿ ಹುಡುಕಿಕೊಳ್ಳುವುದು ಹೆಚ್ಚಾಗಿ ರೋಗಿಯ ಪಾಡು. ಎರಡರಲ್ಲೂ ಹಣ ಖರ್ಚಾಗಿದೆ. ಶಿಬಿರವೇ ಕಾರಣವೆಂದು ಈ ಅಧ್ಯಯನಗಳು ಸಾಧಿಸಿಲ್ಲ, ಅದು ನನ್ನ ಊಹೆ.

ಈ ಎರಡೂ ಯೋಜನೆಗಳು ಈಗ ಆ ಹೆಸರಿನಲ್ಲಿಲ್ಲ. 2018ರಲ್ಲಿ ಅವು ‘ಆರೋಗ್ಯ ಕರ್ನಾಟಕ’ದಲ್ಲಿ, ಅದೇ ವರ್ಷ ಅದು ಕೇಂದ್ರದ ‘ಆಯುಷ್ಮಾನ್ ಭಾರತ’ದೊಂದಿಗೆ ಕೂಡಿಕೊಂಡವು. ದೇಶದಲ್ಲಿ ಆರೋಗ್ಯಕ್ಕೆ ಖರ್ಚಾಗುವ ಪ್ರತಿ ನೂರು ರೂಪಾಯಿಯಲ್ಲಿ ಜನ ಸ್ವಂತ ಜೇಬಿನಿಂದ ಕೊಡುತ್ತಿದ್ದದ್ದು 2013–14ರಲ್ಲಿ 64 ರೂಪಾಯಿ, 2021–22ರಲ್ಲಿ 39 ಎನ್ನುತ್ತದೆ ಸರ್ಕಾರದ ಲೆಕ್ಕ. ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟ ಹಣವನ್ನು ಆಸ್ಪತ್ರೆಯ ಕೌಂಟರಿನಲ್ಲಿ ಎಣಿಸಿ ಕೊಟ್ಟ ಪಾಲಕರಿಗೆ ಆ 39 ಕೂಡ ಸಣ್ಣದಲ್ಲ.

ಬಹುಮಾನ ವಿತರಣೆಯಾದ ಮೇಲೆ ಹುಡುಗನನ್ನು ಕರೆದು, ಅಜ್ಜ ಅಷ್ಟು ದೂರದ ಆಸ್ಪತ್ರೆಗೆ ಹೋದದ್ದು ಹೇಗೆ ಎಂದು ಕೇಳಿದ್ದೆ. ‘ಕ್ಯಾಂಪ್ ಬಂದಿತ್ತು ಸರ್. ಅವರ ನೋಡಿ, ಇಂಥಾ ದಿನ ಬರ್ರಿ ಅಂತ ಚೀಟಿ ಬರದು ಕೊಟ್ರು. ಇಲ್ಲಾಂದ್ರ ನಮಗ ಯಾರಿಗೆ ಗೊತ್ತಿತ್ತು?’ ಎಂದ. ವೇದಿಕೆಯ ಮೇಲೆ ಇದನ್ನು ಹೇಳಿರಲೇ ಇಲ್ಲ, ಮಾರಾಯ! ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ನಾನು ‘ಆಧಾರ ಸಾಲದು’ ಎಂದು ಬರೆದಿದ್ದೆ. ಮೊನ್ನೆ ಎರಡೂ ಅಧ್ಯಯನಗಳ ಜೆರಾಕ್ಸ್ ಪ್ರತಿ ಮಾಡಿಸಿ ಆ ಕಾಲೇಜಿನ ಪ್ರಾಂಶುಪಾಲರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಹುಡುಗನಿಗೊಂದು, ಹುಡುಗಿಗೊಂದು.