ಒಲವಿಗೊಂದು ಮನೆ: ನಲವತ್ತು ವರ್ಷಗಳ ಸಿಂಹಾವಲೋಕನ

ದಕ್ಷಿಣ ಲಂಡನ್ನಿನ ಒಂದು ಬಡ ಬೀದಿ. ಪಾಕಿಸ್ತಾನದಿಂದ ಬಂದು ನೆಲೆಸಿದ ಮನೆತನದ ಹುಡುಗ ಒಮರ್. ತಾಯಿ ರೈಲು ಹಳಿಯ ಮೇಲೆ ಪ್ರಾಣ ಬಿಟ್ಟಿದ್ದಾಳೆ. ಒಂದು ಕಾಲದಲ್ಲಿ ಪತ್ರಕರ್ತನಾಗಿದ್ದ ತಂದೆ ಈಗ ಹಾಸಿಗೆ ಬಿಟ್ಟೇಳದೆ ಕುಡಿಯುತ್ತಾನೆ. ಒಮರನ ಶಾಲಾ ದಿನಗಳ ಗೆಳೆಯ ಜಾನಿ ಬಿಳಿಯ, ಸ್ವಂತ ಮನೆಯಿಲ್ಲದವನು. ವಲಸಿಗರನ್ನು ಹೊರಗಟ್ಟಿ ಎಂದು ಕೂಗುತ್ತ ಬೀದಿಯಲ್ಲಿ ಮೆರವಣಿಗೆ ಹೋದವರ ಗುಂಪಿನಲ್ಲಿ ಅವನೂ ಇದ್ದ. ಅದನ್ನು ಒಮರನ ಮನೆಯವರು ಕಣ್ಣಾರೆ ಕಂಡಿದ್ದರು. ಈ ಇಬ್ಬರು ಸೇರಿ ಪಾಳುಬಿದ್ದ ಒಂದು ಬಟ್ಟೆ ಒಗೆಯುವ ಅಂಗಡಿಯನ್ನು ಹೊಸದಾಗಿಸುತ್ತಾರೆ, ಪ್ರೀತಿಸುತ್ತಾರೆ. ಹನೀಫ್ ಕುರೇಶಿ ಬರೆದು ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ 'ಮೈ ಬ್ಯೂಟಿಫುಲ್ ಲಾಂಡ್ರೆಟ್' ಚಿತ್ರದ ಕಥೆ ಇದು. 1985ರಲ್ಲಿ ಚಾನೆಲ್ ಫೋರ್ ಟೆಲಿವಿಷನ್ನಿಗಾಗಿ ಅಲ್ಪ ಬಂಡವಾಳದಲ್ಲಿ, 16 ಎಂಎಂ ಫಿಲ್ಮಿನಲ್ಲಿ ತಯಾರಾಗಿದ್ದ ಇದು ಎಡಿನ್‌ಬರೋ ಚಿತ್ರೋತ್ಸವದಲ್ಲಿ ಜನ ಮೆಚ್ಚಿದ ಮೇಲೆ ಚಿತ್ರಮಂದಿರಗಳಿಗೆ ಬಂತು.

2025ಕ್ಕೆ ಆ ಚಿತ್ರಕ್ಕೆ ನಲವತ್ತು ತುಂಬಿತು. ಅದೇ ವರ್ಷದ ಆರಂಭದಲ್ಲಿ ರೋಹನ್ ಪರಶುರಾಮ್ ಕಾನವಡೆ ಅವರ ಮರಾಠಿ ಚಿತ್ರ 'ಸಾಬರ್ ಬೋಂಡ' ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದ ವಿಶ್ವ ಸಿನಿಮಾ ವಿಭಾಗದಲ್ಲಿ ತೀರ್ಪುಗಾರರ ಪರಮೋಚ್ಚ ಪ್ರಶಸ್ತಿ ಪಡೆಯಿತು. ಅದರಲ್ಲೂ ಇಬ್ಬರು ಗಂಡಸರು: ಒಬ್ಬ ಮುಂಬೈ ನಗರದ ನೌಕರ, ಇನ್ನೊಬ್ಬ ಹಳ್ಳಿಯ ರೈತ. ಈ ಎರಡು ಚಿತ್ರಗಳ ನಡುವಿನ ಕಾಲದಲ್ಲಿ ಗಂಡಸು ಗಂಡಸನ್ನು ಪ್ರೀತಿಸುವ ಕಥೆ ಎಲ್ಲಿಂದ ಎಲ್ಲಿಗೆ ಬಂತು ಎಂದು ಒಮ್ಮೆ ಹಿಂತಿರುಗಿ ನೋಡುವುದಕ್ಕೆ ಇದು ತಕ್ಕ ಹೊತ್ತು. ಮುಖ್ಯವಾಗಿ, ಒಬ್ಬರಿಗೊಬ್ಬರು ಯಾವುದರಲ್ಲೂ ಹೋಲದ ಇಬ್ಬರು, ಹಿಂದಿನ ಗಾಯಗಳನ್ನು ಹೊತ್ತುಕೊಂಡೇ ಹತ್ತಿರವಾಗುವ ಕಥೆ.

ಇದಕ್ಕೆ ನಲವತ್ತು ವರ್ಷಕ್ಕಿಂತ ಹಳೆಯ ಬೇರೊಂದಿದೆ, ಮತ್ತು ಆ ಬೇರು ಕಲ್ಪನೆಯಲ್ಲ. ಕೇಂಬ್ರಿಜ್‌ನಲ್ಲಿ ಫೆಲೋ ಆಗಿದ್ದು, ಪಾದ್ರಿಯ ದೀಕ್ಷೆಯನ್ನೂ ಪಡೆದಿದ್ದ ಎಡ್ವರ್ಡ್ ಕಾರ್ಪೆಂಟರ್ 1874ರಲ್ಲಿ ಅದೆಲ್ಲವನ್ನೂ ಬಿಟ್ಟು ಹೊರಬಂದರು. ಮುಂದೆ ಶೆಫೀಲ್ಡ್ ಬಳಿಯ ಮಿಲ್‌ಥಾರ್ಪ್ ಎಂಬ ಹಳ್ಳಿಯಲ್ಲಿ ತುಂಡು ಭೂಮಿ ಕೊಂಡು ತರಕಾರಿ ಬೆಳೆದರು, ಭಾರತದಿಂದ ಬಂದ ಒಂದು ಜೊತೆ ಚಪ್ಪಲಿಯನ್ನು ಮಾದರಿಯಾಗಿಟ್ಟುಕೊಂಡು ತಾವೇ ಚಪ್ಪಲಿ ಹೊಲಿದರು. ಶೆಫೀಲ್ಡಿನ ಕೊಳೆಗೇರಿಯಲ್ಲಿ ಬೆಳೆದ ಜಾರ್ಜ್ ಮೆರಿಲ್ 1898ರಲ್ಲಿ ಬಂದು ಅವರ ಮನೆ ಸೇರಿದರು. ಆಸ್ಕರ್ ವೈಲ್ಡ್‌ಗೆ ಸಲಿಂಗ ಸಂಬಂಧದ ಕಾರಣಕ್ಕೆ ಎರಡು ವರ್ಷದ ಕಠಿಣ ಸಜೆಯಾಗಿ ಆಗಿನ್ನೂ ಮೂರೇ ವರ್ಷ. ದೇಶದ ಅನೇಕ ಸಾಹಿತಿಗಳು ಹೆದರಿ ಬಾಯಿ ಮುಚ್ಚಿಕೊಂಡಿದ್ದ ಆ ದಿನಗಳಲ್ಲಿ ಓದಿದವರೊಬ್ಬರು, ಓದದವರೊಬ್ಬರು ಒಂದೇ ಸೂರಿನಡಿ ಸಂಸಾರ ಹೂಡಿದರು, ಸುಮಾರು ಮೂವತ್ತು ವರ್ಷ ಜೊತೆಗೇ ಬಾಳಿದರು. 1913ರಲ್ಲಿ ಆ ಮನೆಗೆ ಬಂದುಹೋದ ಇ. ಎಂ. ಫಾರ್ಸ್ಟರ್ ಬರೆಯಲು ಕುಳಿತದ್ದೇ 'ಮಾರಿಸ್' ಕಾದಂಬರಿ. ಅದರಲ್ಲಿ ಷೇರು ದಲ್ಲಾಳಿ ಮಾರಿಸ್‌ಗೂ ಬೇಟೆಗಾಡಿನ ಕಾವಲುಗಾರ ಅಲೆಕ್‌ಗೂ ಕೂಡಿ ಬಾಳುವ ಕೊನೆಯನ್ನೇ ಕೊಡಬೇಕೆಂದು ಫಾರ್ಸ್ಟರ್ ಹಟ ಹಿಡಿದಿದ್ದರು. ಹಾಗಾಗಿಯೇ ಆ ಹಸ್ತಪ್ರತಿ ಅವರ ಜೀವಮಾನವಿಡೀ ಪೆಟ್ಟಿಗೆಯಲ್ಲಿ ಉಳಿಯಿತು. 1967ರಲ್ಲಿ ಸಲಿಂಗ ಸಂಬಂಧದ ಬಗೆಗಿನ ಇಂಗ್ಲೆಂಡಿನ ಕಾನೂನು ಸಡಿಲವಾದ ಮೇಲೂ ಅವರು ಅದನ್ನು ಹೊರಗೆ ಬಿಡಲಿಲ್ಲ. ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಮರುವರ್ಷ, 1971ರಲ್ಲಿ.

ಕಾರ್ಪೆಂಟರ್ ಮತ್ತು ಮೆರಿಲ್ ಅವರ ಬಾಳಿನಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ವಿರುದ್ಧ ಸ್ವಭಾವಗಳ ಆಕರ್ಷಣೆ ಎಂದು ನಾವು ಹಗುರವಾಗಿ ಕರೆಯುವುದರ ಒಳಗೆ ಹಣ, ಜಾತಿ, ಬಣ್ಣ, ವಿದ್ಯೆಗಳ ಅಂತರ ಇರುತ್ತದೆ. ಆ ಅಂತರದಲ್ಲಿ ಮೇಲೆ ನಿಂತವನು ಏನನ್ನಾದರೂ ಬಿಟ್ಟುಕೊಟ್ಟು ಕೆಳಗಿಳಿಯದಿದ್ದರೆ ಒಲವು ಉಪಕಾರವಾಗಿಬಿಡುತ್ತದೆ. ಇಬ್ಬರಿಗೂ ಕಾಲೂರಲು ಒಂದು ಜಾಗ ಸಿಗದಿದ್ದರೆ ಹಳೆಯ ಗಾಯ ಮಾಯುವುದೂ ಇಲ್ಲ. ಈ ನಲವತ್ತು ವರ್ಷಗಳ ಒಳ್ಳೆಯ ಕಥೆಗಳೆಲ್ಲ ಈ ಎರಡು ಮಾತುಗಳನ್ನು ಬೇರೆ ಬೇರೆ ಬಗೆಯಲ್ಲಿ ಪರೀಕ್ಷೆಗೆ ಒಡ್ಡಿವೆ ಎಂಬುದು ನಮ್ಮ ಓದು.

ಲಾಂಡ್ರೆಟ್ಟನ್ನೇ ನೋಡಿ. ಜಾನಿ ಮಾಡಿದ್ದು ಸಣ್ಣ ತಪ್ಪಲ್ಲ, ಒಮರ್ ಅದನ್ನು ಮರೆಯುವವನೂ ಅಲ್ಲ. ಅಂಗಡಿಯ ಯಜಮಾನನಾದ ಮೇಲೆ, ಶಾಲೆಯಲ್ಲಿ ನನ್ನನ್ನು ಒದ್ದವನು ಈಗ ನನ್ನ ನೆಲ ಒರೆಸುತ್ತಿದ್ದಾನೆ ಎಂದು ಅವನ ಮುಖಕ್ಕೇ ಹೇಳುತ್ತಾನೆ. ಅದನ್ನು ಹೇಳುವಾಗ ಅವನಿಗೆ ಸುಖವೂ ಇದೆ. ಕುರೇಶಿ ಇಲ್ಲಿ ಗಾಯಗೊಂಡವನನ್ನು ದೇವರನ್ನಾಗಿಸಲಿಲ್ಲ. ಜಾನಿಗೂ ಬಾಯಿಮಾತಿನ ಕ್ಷಮೆಯಿಂದ ಏನೂ ಸರಿಹೋಗುವುದಿಲ್ಲ ಎಂದು ಗೊತ್ತು, ಮಾಡಿ ತೋರಿಸುವುದೊಂದೇ ಅವನಿಗೆ ಉಳಿದ ದಾರಿ. ಕೊನೆಯಲ್ಲಿ ಅವನ ಹಳೆಯ ಗೆಳೆಯರ ಗುಂಪು ಒಮರನ ಬಂಧು ಸಲೀಮನನ್ನು ಹಿಡಿದು ಬಡಿಯುವಾಗ ಜಾನಿ ನಡುವೆ ಹೋಗಿ ನಿಲ್ಲುತ್ತಾನೆ, ಪೆಟ್ಟು ತಿನ್ನುತ್ತಾನೆ. ಸಲೀಮ್ ಒಳ್ಳೆಯವನೇನಲ್ಲ, ಮಾದಕ ವಸ್ತುವಿನ ದಂಧೆಯವನು, ಜಾನಿಯನ್ನು ಕಂಡರೆ ತಿರಸ್ಕಾರ. ಅಂಥವನಿಗಾಗಿ ತಿಂದ ಏಟು ಎಂಬುದರಿಂದಲೇ ಆ ಪ್ರಾಯಶ್ಚಿತ್ತಕ್ಕೆ ತೂಕ ಬರುತ್ತದೆ. ಥ್ಯಾಚರ್ ಆಡಳಿತದ ಬ್ರಿಟನ್ನಿನಲ್ಲಿ, ಏಡ್ಸ್ ಭಯ ಹರಡುತ್ತಿದ್ದ ಹೊತ್ತಿನಲ್ಲಿ, ಪ್ರೇಮಿಗಳಿಬ್ಬರನ್ನೂ ಸಾಯಿಸದೆ ಮುಗಿದ ಕಥೆ ಇದು ಎಂಬುದನ್ನೂ ಮರೆಯಬಾರದು.

ಇಪ್ಪತ್ತು ವರ್ಷದ ನಂತರ, 2005ರಲ್ಲಿ, ಆಂಗ್ ಲೀ ಅವರ 'ಬ್ರೋಕ್‌ಬ್ಯಾಕ್ ಮೌಂಟನ್' ಬಂತು. ಅದಕ್ಕೆ ಆಧಾರ ಆನಿ ಪ್ರೂ ಅವರ 1997ರ ಸಣ್ಣಕಥೆ. ಜಗತ್ತು ಹೆಚ್ಚು ಕಣ್ಣೀರಿಟ್ಟದ್ದು ಇದಕ್ಕೇ ಇರಬೇಕು. ಮಾತುಗಾರ ಜ್ಯಾಕ್, ಮಾತೇ ಹೊರಡದ ಎನ್ನಿಸ್. ಇಬ್ಬರೂ ಸೇರಿ ಒಂದು ಸಣ್ಣ ದನದ ಫಾರ್ಮ್ ಮಾಡಿಕೊಂಡು ಇರೋಣ ಎಂದು ಜ್ಯಾಕ್ ಕೇಳುತ್ತಲೇ ಇರುತ್ತಾನೆ. ಎನ್ನಿಸ್ ಹುಡುಗನಾಗಿದ್ದಾಗ, ಹಾಗೆ ಕೂಡಿ ಬಾಳಿದ ಇಬ್ಬರಲ್ಲಿ ಒಬ್ಬನನ್ನು ಊರವರು ಬಡಿದು ಕೊಂದಿದ್ದರು. ಆ ಹೆಣವನ್ನು ಸ್ವತಃ ಅಪ್ಪನೇ ಅವನನ್ನು ಕರೆದೊಯ್ದು ತೋರಿಸಿದ್ದ. ಆ ಒಂದು ದೃಶ್ಯ ಇಡೀ ಜೀವನವನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ಇಲ್ಲಿ ಪ್ರೀತಿಗೆ ಕೊರತೆಯಿಲ್ಲ. ಇದ್ದ ಕೊರತೆ ಕೂಡಿ ಇರುವ ಮನೆಯದು, ಹಾಗಾಗಿಯೇ ಗಾಯ ಕೊನೆಯವರೆಗೂ ಹಸಿಯಾಗಿ ಉಳಿಯಿತು.

ಅದಕ್ಕೆ ಉತ್ತರವೋ ಎಂಬಂತೆ 2017ರಲ್ಲಿ ಫ್ರಾನ್ಸಿಸ್ ಲೀ ಅವರ 'ಗಾಡ್ಸ್ ಓನ್ ಕಂಟ್ರಿ' ಬಂತು. ಈ ಬರಹದ ನೆಪದಲ್ಲಿ ಒಂದೇ ಚಿತ್ರ ನೋಡುವವರಿದ್ದರೆ ನಾವು ಕೈ ತೋರಿಸುವುದು ಇದರ ಕಡೆಗೆ. ಯಾರ್ಕ್‌ಶೈರಿನ ಗುಡ್ಡಗಾಡು, ಕುರಿ ಸಾಕುವ ಮನೆ. ತಂದೆಗೆ ಪಾರ್ಶ್ವವಾಯು ಬಡಿದಿದೆ, ಅಜ್ಜಿ ಗಟ್ಟಿಗಿತ್ತಿ, ಮಗ ದಿನವೂ ಕುಡಿದು ವಾಂತಿ ಮಾಡುವವನು, ಅವನ ಹೆಸರೂ ಜಾನಿ. ಅವನಿಗೆ ಮೈಯ ಹಸಿವು ಗೊತ್ತು, ಮುಟ್ಟುವುದು ಗೊತ್ತಿಲ್ಲ. ಕುರಿ ಮರಿ ಹಾಕುವ ಕಾಲಕ್ಕೆ ಕೂಲಿಗೆಂದು ರೊಮೇನಿಯಾದಿಂದ ಘೆಯೋರ್ಗೆ ಬರುತ್ತಾನೆ. ಜಾನಿ ಅವನನ್ನು ಮೊದಲು ಕರೆಯುವುದೇ ಒಂದು ಬೈಗುಳದಿಂದ. ಸತ್ತ ಮರಿಯ ಚರ್ಮ ಬಿಡಿಸಿ, ಅದನ್ನು ಬೇರೊಂದು ಮರಿಗೆ ಅಂಗಿಯಂತೆ ತೊಡಿಸಿ, ಮರಿ ಕಳೆದುಕೊಂಡ ತಾಯಿಕುರಿಯ ಬಳಿ ಬಿಡುತ್ತಾನೆ ಘೆಯೋರ್ಗೆ. ತಾಯಿ ಮೂಸಿ ನೋಡಿ ಹಾಲೂಡುತ್ತದೆ. ಕುರಿಗಾಹಿಗಳು ನಿಜಕ್ಕೂ ಮಾಡುವ ಕೆಲಸ ಇದು. ನಿರ್ದೇಶಕರು ಆ ಸೀಮೆಯಲ್ಲೇ, ಕುರಿ ಸಾಕುವ ಮನೆಯಲ್ಲೇ ಬೆಳೆದವರು. ಅದನ್ನು ಪಕ್ಕದಲ್ಲಿ ನಿಂತು ನೋಡುವ ಜಾನಿಗೆ ಯಾರೂ ಉಪದೇಶ ಮಾಡುವುದಿಲ್ಲ. ಮುಂದೆ ಅವನು ತಪ್ಪು ಮಾಡುತ್ತಾನೆ, ಘೆಯೋರ್ಗೆ ಹೊರಟುಹೋಗುತ್ತಾನೆ, ಜಾನಿ ಸ್ಕಾಟ್ಲೆಂಡಿನವರೆಗೂ ಹುಡುಕಿಕೊಂಡು ಹೋಗಿ ಬಾಯಿಬಿಟ್ಟು ಕೇಳಿ ಕರೆತರುತ್ತಾನೆ. ಘೆಯೋರ್ಗೆ ಮೊದಲು ಇದ್ದದ್ದು ಮನೆಯ ಹೊರಗೆ ನಿಲ್ಲಿಸಿದ್ದ ಒಂದು ಹಳೆಯ ಕ್ಯಾರವಾನಿನಲ್ಲಿ, ಆಳಿನಂತೆ. ಕೊನೆಗೆ ಆ ಕ್ಯಾರವಾನನ್ನು ಎಳೆದುಕೊಂಡು ಹೋಗುತ್ತಾರೆ, ಅವನು ಮನೆಯೊಳಗೆ ಹೋಗುತ್ತಾನೆ.

ಇದೇ ಹೊತ್ತಿಗೆ ಇನ್ನೊಂದು ಕಡೆ ಈ ಬಗೆಯ ಕಥೆ ದೊಡ್ಡ ಮಾರುಕಟ್ಟೆಯೂ ಆಗಿದೆ. ಒಬ್ಬ ಸಿಡುಕ, ಒಬ್ಬ ನಗೆಮೊಗದವ. ಇಬ್ಬರಿಗೂ ಕತ್ತಲ ಬಾಲ್ಯ. ಹತ್ತನೆಯ ಅಧ್ಯಾಯದಲ್ಲಿ ಮುತ್ತು, ಹದಿನೈದಕ್ಕೆ ಎಲ್ಲ ವಾಸಿ. ಇಂಗ್ಲಿಷಿನ ರೊಮಾನ್ಸ್ ಕಾದಂಬರಿಗಳು, ಥಾಯ್ಲೆಂಡಿನ ಬಿಎಲ್ (ಬಾಯ್ಸ್ ಲವ್) ಸರಣಿಗಳು ಈ ಸೂತ್ರದ ಮೇಲೆ ನಡೆಯುತ್ತಿವೆ. ಅವನ್ನು ನಾವು ಹಳಿಯುವುದಿಲ್ಲ. ತನ್ನಂಥವರಿಗೂ ಸುಖಾಂತ್ಯ ಉಂಟು ಎಂದು ಮೊದಲ ಸಲ ಕಂಡುಕೊಳ್ಳುವ ಹದಿನಾರರ ಹುಡುಗನಿಗೆ ಆ ಪುಸ್ತಕ ದೊಡ್ಡ ಆಸರೆ. ಆದರೆ ಅಲ್ಲಿ ನೋವು ನಾಯಕನಿಗೆ ತೊಡಿಸಿದ ಒಡವೆಯಾಗಿದೆ, ಮತ್ತು ಸಿರಿವಂತ ತನ್ನ ಸಿರಿಯಲ್ಲಿ ಬಿಡಿಕಾಸನ್ನೂ ಬಿಡದೆ ಪ್ರೀತಿ ಪಡೆಯುತ್ತಾನೆ. ಇದು ಸುಳ್ಳು.

ನಮ್ಮ ದೇಶದಲ್ಲಿ ಈ ಲೆಕ್ಕ ಬೇರೆ ತೆರನಾಗಿದೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ, 1860ರ ದಂಡ ಸಂಹಿತೆಯ 377ನೆಯ ಕಲಮು ಇಂಗ್ಲೆಂಡಿನಿಂದ ಬಂದದ್ದು. ಅವರು ತಮ್ಮ ಕಾನೂನನ್ನು ಸಡಿಲಿಸಿದ ಅರ್ಧ ಶತಮಾನದ ನಂತರವೂ ನಾವು ಅದನ್ನು ಕಾಪಾಡಿಕೊಂಡು ಬಂದೆವು. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸಡಿಲಿಸಿತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿಗೊಳಿಸಿತು, 2018ರ ಸೆಪ್ಟೆಂಬರ್ 6ರಂದು ಕೊನೆಗೂ ಕಳಚಿತು. ಗುಣಪಡಿಸುತ್ತೇವೆ ಎಂಬ ಹೆಸರಿನಲ್ಲಿ ಸಲಿಂಗ ಪ್ರೇಮಿಗಳಾದ ಮಕ್ಕಳಿಗೆ ಕೊಟ್ಟ ಹಿಂಸೆಯ ಪೂರ್ತಿ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ವೆಂಕಟೇಶ್, ಈ ವಿಷಯ ತಮಗೆ ಅರ್ಥವಾಗಬೇಕೆಂದು ತಾವೇ ಮನಶ್ಶಾಸ್ತ್ರಜ್ಞರ ಬಳಿ ಕುಳಿತು ಕಲಿತು, ಆಮೇಲೆ ಅಂಥ ಚಿಕಿತ್ಸೆಗಳನ್ನು ನಿಷೇಧಿಸಬೇಕೆಂದು ಆದೇಶ ಕೊಟ್ಟರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಅಧಿಕಾರದ ಕುರ್ಚಿಯಲ್ಲಿ ಕುಳಿತವರೊಬ್ಬರು ಕಲಿಯುವುದಕ್ಕೆಂದು ಕೆಳಗಿಳಿದದ್ದನ್ನು ಇಲ್ಲಿ ಗೌರವದಿಂದ ನೆನೆಯಬೇಕು.

ಆದರೂ ನಮ್ಮ ಎದೆಯಲ್ಲಿ ಚುಚ್ಚುತ್ತ ಉಳಿದದ್ದು 2010ರ ಅಲೀಗಢ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಕವಿ ರಾಮಚಂದ್ರ ಸಿರಸ್ ಅವರ ಮನೆಗೆ ಕೆಲವರು ಕ್ಯಾಮೆರಾ ಹಿಡಿದು ನುಗ್ಗಿದರು. ಅವರೊಂದಿಗೆ ಇದ್ದದ್ದು ರಿಕ್ಷಾ ತುಳಿಯುವ ಒಬ್ಬ ಯುವಕ. ವಿಶ್ವವಿದ್ಯಾಲಯ ಪ್ರೊಫೆಸರರನ್ನು ಅಮಾನತಿನಲ್ಲಿಟ್ಟಿತು, ಅವರು ವಸತಿಗೃಹವನ್ನೂ ಬಿಡಬೇಕಾಯಿತು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅವರ ಪರವಾಗಿ ಆದೇಶ ಕೊಟ್ಟಿತು, ಏಪ್ರಿಲ್ 7ರಂದು ಅವರ ಶವ ಬಾಡಿಗೆ ಮನೆಯಲ್ಲಿ ಸಿಕ್ಕಿತು. ಹನ್ಸಲ್ ಮೆಹ್ತಾ ಅವರ 'ಅಲೀಗಢ್' ಚಿತ್ರದಿಂದಾಗಿ ಸಿರಸ್ ಹೆಸರು ಉಳಿಯಿತು. ಆ ರಿಕ್ಷಾದವನು? ಅವನಿಗೂ ಅದೇ ರಾತ್ರಿ, ಅದೇ ಕ್ಯಾಮೆರಾ, ಅದೇ ಅವಮಾನ. ನಮ್ಮ ಲೇಖನಗಳಲ್ಲಿ, ಚರ್ಚೆಗಳಲ್ಲಿ ಅವನು ಹೆಚ್ಚೆಂದರೆ ಒಂದು ವಾಕ್ಯ. ವಿದ್ಯಾವಂತನ ಏಕಾಂತಕ್ಕೆ ಮರುಗುವುದು ನಮಗೆ ಸುಲಭವಾಗಿದೆ. ಅವನ ಜೊತೆಗಿದ್ದ ಬಡವನಿಗೂ ಒಂದು ಏಕಾಂತವಿತ್ತು ಎಂಬುದು ಹೊಳೆಯುವುದೇ ಇಲ್ಲ. ಸಿನಿಮಾದಲ್ಲೂ ಹಾಗೆಯೇ: ಭಾರತದ ಸಲಿಂಗ ಪ್ರೇಮದ ಚಿತ್ರಗಳಲ್ಲಿ ಹೆಚ್ಚಿನವು ಮಗ ಮತ್ತು ಮನೆಯವರ ನಡುವಿನ ಜಗಳದ ಕಥೆಗಳು. ಪ್ರೇಮಿಗಳಿಬ್ಬರೂ ಒಂದೇ ಅಂತಸ್ತಿನವರು, ಒಂದೇ ಬಗೆಯ ಸೋಫಾದ ಮೇಲೆ ಕೂರುವವರು. ನೀರಜ್ ಘಾಯ್ವಾನ್ ಅವರ 'ಗೀಲಿ ಪುಚ್ಚಿ' (2021) ಹೆಣ್ಣುಗಳಿಬ್ಬರ ಕಥೆಯಾದರೂ ಇಲ್ಲಿ ಹೇಳಲೇಬೇಕಾದದ್ದು. ಕಾರ್ಖಾನೆಯ ದಲಿತ ಕೆಲಸಗಾರ್ತಿ ಮತ್ತು ಬ್ರಾಹ್ಮಣ ಸಹೋದ್ಯೋಗಿಯ ನಡುವಿನ ಸೆಳೆತಕ್ಕೆ ಜಾತಿ ಹೇಗೆ ಅಡ್ಡ ನಿಲ್ಲುತ್ತದೆ ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ತೋರಿಸಿತು.

'ಸಾಬರ್ ಬೋಂಡ'ದ ಹಿರಿಮೆ ಬೇರೆ. ತಂದೆ ತೀರಿಕೊಂಡಿದ್ದಾರೆ, ಹತ್ತು ದಿನದ ಸೂತಕಕ್ಕೆಂದು ಮುಂಬೈನ ನೌಕರ ಆನಂದ್ ಊರಿಗೆ ಬಂದಿದ್ದಾನೆ. ಮದುವೆ ಯಾವಾಗ ಎಂದು ನೆಂಟರು ಪೀಡಿಸುತ್ತಾರೆ. ಮಗನ ಒಲವು ತಾಯಿಗೆ ಗೊತ್ತಿದೆ, ಅವಳು ಅವನ ಬೆನ್ನಿಗಿದ್ದಾಳೆ. ಬಾಲ್ಯ ಎಂಬ ಹೆಸರಿನ ಹಳೆಯ ಗೆಳೆಯ, ಆ ರೈತ ಕೂಡ ಮದುವೆಯ ಒತ್ತಾಯದಿಂದ ತಪ್ಪಿಸಿಕೊಳ್ಳುತ್ತಿರುವವನೇ. ಸಾವಿನ ಮನೆಯಲ್ಲಿ, ನಿಯಮ ನಿಷ್ಠೆಗಳ ನಡುವೆ, ಹೊಲದ ಬದುವಿನಲ್ಲಿ ಇಬ್ಬರೂ ಮತ್ತೆ ಹತ್ತಿರವಾಗುತ್ತಾರೆ. ಚಿತ್ರದ ಹೆಸರು ಪಾಪಾಸುಕಳ್ಳಿಯ ಹಣ್ಣಿನದು. ಕಾನವಡೆ ಮುಂಬೈನ ಒಂದೇ ಕೋಣೆಯ ಮನೆಯಲ್ಲಿ ಬೆಳೆದವರು, ಸ್ವಂತ ತಂದೆಯ ಸೂತಕದ ದಿನಗಳಿಂದ ಈ ಕಥೆ ಎತ್ತಿಕೊಂಡವರು. ಹಳ್ಳಿಯೆಂದರೆ ಸಲಿಂಗಿಗಳು ಓಡಿಹೋಗಬೇಕಾದ ಜಾಗ ಎಂದೇ ಚಿತ್ರಿಸುತ್ತಿದ್ದ ನಮ್ಮ ಸಿನಿಮಾಕ್ಕೆ, ಹಳ್ಳಿಯಲ್ಲೂ ಮರುಹುಟ್ಟು ಸಾಧ್ಯ ಎಂದು ಅವರು ತೋರಿಸಿಕೊಟ್ಟರು.

ಕನ್ನಡಕ್ಕೆ ಬಂದರೆ 2013ರಲ್ಲಿ ಪ್ರಕಟವಾದ ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' ಇನ್ನೂ ನಮ್ಮ ಮೈಲಿಗಲ್ಲು. ಜೊತೆಗಿದ್ದ ಕಾರ್ತಿಕ್ ಹುಡುಗಿಯೊಬ್ಬಳನ್ನು ಮದುವೆಯಾಗಿ ಹೊರಟುಹೋದಾಗ ಮೋಹನಸ್ವಾಮಿ ಅನುಭವಿಸುವ ಸಂಕಟವನ್ನು ಓದಿ, ಇದು ತಮ್ಮದೇ ಸಂಕಟ ಎಂದುಕೊಂಡ ಗಂಡು ಹೆಣ್ಣುಗಳು ಎಷ್ಟೋ ಜನ. ಲೇಖಕರು ತಮ್ಮ ಹೆಸರು, ಮುಖ ಎರಡನ್ನೂ ಮರೆಮಾಡದೆ ಆ ಪುಸ್ತಕದ ಹಿಂದೆ ನಿಂತರು. ಅದು ಮುರಿದ ಮನೆಯ ಕಥೆ. ಕಟ್ಟಿದ ಮನೆಯ ಕಥೆಗೆ ಕನ್ನಡ ಇನ್ನೂ ಕಾಯುತ್ತಿದೆ ಎಂದೇ ನಮ್ಮ ಅನಿಸಿಕೆ.

ಮನೆ ಕಟ್ಟುವುದಕ್ಕೆ ಕಾಗದ ಪತ್ರವೂ ಬೇಕು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗಿಗಳ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿತು, ಅವರ ತೊಡಕುಗಳನ್ನು ನೋಡಲು ಸಮಿತಿಯೊಂದನ್ನು ರಚಿಸಬೇಕೆಂದಿತು. 2024ರಲ್ಲಿ ಕೇಂದ್ರ ಸರ್ಕಾರ ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ, ಸಂಗಾತಿಯನ್ನು ನಾಮಿನಿ ಮಾಡಬಹುದು, ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಬರೆಸಬಹುದು ಎಂದು ತಿಳಿಸಿತು. ಸಣ್ಣದೆನಿಸಿದರೂ ಇದು ಸಣ್ಣದಲ್ಲ. ಆದರೆ ಆಸ್ತಿಯ ವಾರಸುದಾರಿಕೆ, ಪಿಂಚಣಿ, ದತ್ತು ಯಾವುದರಲ್ಲೂ ಅವರು ಒಬ್ಬರಿಗೊಬ್ಬರು ಇನ್ನೂ ಪರಕೀಯರೇ. ಸಂಸತ್ತು ಇದನ್ನು ಕೈಗೆತ್ತಿಕೊಳ್ಳಬೇಕು, ನಮ್ಮ ಸಂಸದರು ಅಲ್ಲಿ ಬಾಯಿ ಬಿಡಬೇಕು.

ಬರೆಯುವವರಲ್ಲೂ ಒಂದು ಕೋರಿಕೆ. ತೋಟದ ಯಜಮಾನನ ಮಗ ಮತ್ತು ಅದೇ ತೋಟದಲ್ಲಿ ಕೂಲಿಗೆ ಬರುವವನು, ಗಾರ್ಮೆಂಟ್ಸ್ ಸೂಪರ್‌ವೈಸರ್ ಮತ್ತು ಆಟೋ ಓಡಿಸುವವನು, ಮಠದ ಹಾಸ್ಟೆಲಿನಲ್ಲಿ ಓದಿದವನು ಮತ್ತು ಆ ಹಾಸ್ಟೆಲಿಗೆ ಸೇರಲಾಗದೆ ಉಳಿದವನು: ಇಂಥ ಇಬ್ಬರು ಕೂಡಿ ಬಾಳಲು ಯಾರು ಏನನ್ನು ಬಿಟ್ಟುಕೊಟ್ಟರು, ಬಾಡಿಗೆ ಮನೆ ಹೇಗೆ ಹಿಡಿದರು, ಹಬ್ಬಕ್ಕೆ ಯಾರ ಊರಿಗೆ ಹೋದರು ಎಂಬ ಕಥೆ ಬರೆದು ಕಳಿಸಿ. ನಮ್ಮ ಪುಟಗಳಲ್ಲಿ ಅದಕ್ಕೆ ಜಾಗವಿದೆ. ಬರೆದವರ ಹೆಸರು ಹಾಕಬಾರದು ಎಂದರೆ ಹಾಕುವುದಿಲ್ಲ.